ಮಗುವಿನ ಜೊತೆ ಸುಮ್ನೆ ಕೂರುವ ಹೊತ್ತು: ನಿಮಗೂ ಹೀಗೆ ನೆಮ್ಮದಿ ಸಿಗುತ್ತದಾ?

ಮಡಿಲು:

ಹಾಲು ಕುಡಿಸುವುದು ಹೇಗೆ, ತೇಗು ಬರಿಸುವುದು ಹೇಗೆ, ಸ್ನಾನ ಮಾಡಿಸುವುದು ಹೇಗೆ, ರಚ್ಚೆ ಹಿಡಿದರೆ ಏನು ಮಾಡಬೇಕು ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಇದ್ಯಾವುದೂ ಇಲ್ಲದ ಒಂದು ಹೊತ್ತು ಇರುತ್ತದೆ. ಮಗುವಿಗೆ ಹಸಿವಿಲ್ಲ, ನಿದ್ದೆ ಬಂದಿಲ್ಲ, ಬಟ್ಟೆ ಒದ್ದೆ ಇಲ್ಲ. ಕಣ್ಣು ಅಗಲ ಬಿಟ್ಟುಕೊಂಡು, ಕೈಕಾಲು ಆಡಿಸುವುದನ್ನೂ ನಿಲ್ಲಿಸಿ ಸುಮ್ನೆ ಮಲಗಿರುತ್ತದೆ. ಆ ಹೊತ್ತಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗೆ ಮಾತ್ರ ಇಡೀ ದಿನದಲ್ಲಿ ಜೀವಕ್ಕೆ ಹಾಯೆನಿಸುವುದು ಆಗಲೇ.

ನನ್ನ ಮಗಳಿಗೆ ಈಗ ಮೂರನೇ ತಿಂಗಳು ನಡೆಯುತ್ತಿದೆ. ಮಂಡಿ ಮಡಚಿ ಕೂತು, ತೊಡೆ ಮೇಲೆ ಅವಳನ್ನು ನನ್ನ ಕಡೆ ಮುಖ ಮಾಡಿ ಒರಗಿಸಿಕೊಳ್ಳುತ್ತೇನೆ. ಮೇಲ್ತುಟಿಯ ನಡುವೆ ಹಾಲು ಚೀಪಿ ಚೀಪಿ ಎದ್ದ ಸಣ್ಣ ಗುಳ್ಳೆ ಇದೆ. ನೆತ್ತಿಯ ಮೆತ್ತನೆ ಜಾಗ ನಾಡಿಯ ಜೊತೆ ಸಣ್ಣಗೆ ಆಡುತ್ತದೆ. ಮುಷ್ಟಿ ಬಿಡಿಸಿದರೆ ಬೆರಳ ಸಂದಿಯಲ್ಲಿ ಬಟ್ಟೆಯ ನೂಲು ಸಿಕ್ಕಿಕೊಂಡಿರುತ್ತದೆ, ತೆಗೆಯಲು ಹೋದರೆ ನನ್ನ ಬೆರಳನ್ನೇ ಗಟ್ಟಿಯಾಗಿ ಹಿಡಿದುಬಿಡುತ್ತಾಳೆ. ನನ್ನ ಮುಖ ನೋಡುತ್ತಾಳೆ. ಮೊದಲು ಕೂದಲ ಅಂಚು, ಆಮೇಲೆ ಕಣ್ಣು. ನಾನು ಏನೂ ಮಾಡುವುದಿಲ್ಲ. ಹಾಗೆ ಕೂತಿದ್ದಾಗ ತಲೆಯಲ್ಲಿ ಓಡುತ್ತಿದ್ದ ನೂರೆಂಟು ಯೋಚನೆ ತಾನಾಗಿ ನಿಲ್ಲುತ್ತದೆ, ಹೆಗಲು ಸಡಿಲ ಆಗುತ್ತದೆ, ಉಸಿರು ನಿಧಾನ ಆಗುತ್ತದೆ.

‘ಮಗು ಸುಮ್ನಿದೆಯಲ್ಲ, ಮಲಗಿಸಿ ಆ ಕೆಲಸ ಮುಗಿಸಿಬಿಡು’ ಅನ್ನುವವರೇ ಜಾಸ್ತಿ. ಕೆಲಸ ಇರುವುದೂ ನಿಜ. ಆದರೆ ಅತ್ತಾಗ ಎತ್ತಿಕೊಳ್ಳುವುದು, ಅಳು ನಿಂತ ಕೂಡಲೇ ಕೆಳಗೆ ಬಿಡುವುದು ಅಂತ ಮಾಡಿಕೊಂಡರೆ ಮಗುವಿನ ಅಳು ಮಾತ್ರ ನಮ್ಮ ಪಾಲಿಗೆ ಬರುತ್ತದೆ, ಅದರ ಒಳ್ಳೆಯ ಹೊತ್ತು ಸಿಗುವುದೇ ಇಲ್ಲ, ಅಲ್ವಾ? ಮಗು ಸುಮ್ನಿರುವ ಹೊತ್ತು ಖಾಲಿ ಹೊತ್ತು ಅಂತ ನನಗೆ ಅನ್ನಿಸುವುದಿಲ್ಲ. ನಿಮಗೆಲ್ಲ ಹೇಗೆ?

ಇಬ್ಬರ ಅಮ್ಮ:

ನೂರಕ್ಕೆ ನೂರು ಒಪ್ಪುತ್ತೇನೆ. ದೊಡ್ಡವನು ಹುಟ್ಟಿದಾಗ ಮನೆ ತುಂಬ ಜನ, ಒಬ್ಬರ ಕೈಯಿಂದ ಒಬ್ಬರಿಗೆ ಹೋಗುತ್ತಿದ್ದ. ಚಿಕ್ಕವಳು ಹುಟ್ಟಿದ ಮೇಲೆ ಅವನು ಶಾಲೆಗೆ ಹೋದಾಗ ನಾವಿಬ್ಬರೇ ಇರುತ್ತಿದ್ದೆವು. ಮನೆಯಲ್ಲಿ ಒಂದು ಸದ್ದಿಲ್ಲ. ಅವಳ ಬಿಕ್ಕಳಿಕೆಯೇ ದೊಡ್ಡ ಸದ್ದು. ಆಗ ಗೊತ್ತಾಯಿತು ಇಷ್ಟು ಚಿಕ್ಕ ಮಗುವಿನ ಜೊತೆಗೂ ಒಂದು ಸಹವಾಸ ಅಂತ ಇರುತ್ತದೆ, ಮಾತು ಬರುವ ತನಕ ಕಾಯಬೇಕಾಗಿಲ್ಲ ಅಂತ.

ವಾರ್ಡ್ ಸಿಸ್ಟರ್:

ನಾನು ನವಜಾತ ಶಿಶುಗಳ ವಾರ್ಡಿನಲ್ಲಿ ಕೆಲಸ ಮಾಡುವವಳು. ಮಡಿಲು ಅವರು ಹೇಳಿದ ಸ್ಥಿತಿಗೆ ನಮ್ಮಲ್ಲಿ ಶಾಂತ ಎಚ್ಚರ ಅನ್ನುತ್ತಾರೆ. ಮಗು ಅಂದರೆ ಒಂದೋ ಅಳುತ್ತದೆ ಇಲ್ಲ ಮಲಗುತ್ತದೆ ಅಂತ ಜನ ತಿಳಿದಿದ್ದ ಕಾಲದಲ್ಲಿ ಪೀಟರ್ ವುಲ್ಫ್ ಅನ್ನುವ ವೈದ್ಯರು ಹಸುಗೂಸುಗಳ ಪಕ್ಕ ಗಂಟೆಗಟ್ಟಲೆ ಕೂತು ನೋಡಿ, ಇವೆರಡರ ನಡುವೆ ಬೇರೆ ಸ್ಥಿತಿಗಳೂ ಇವೆ ಅಂತ 1959ರಲ್ಲಿ ಬರೆದರು. ಮುಂದೆ 1973ರಲ್ಲಿ ಮಕ್ಕಳ ವೈದ್ಯ ಬ್ರೇಜಲ್ಟನ್ ನವಜಾತ ಶಿಶುವಿನ ವರ್ತನೆ ಅಳೆಯುವ ಕ್ರಮ ತಂದಾಗ ಅದರಲ್ಲಿ ಆರು ಸ್ಥಿತಿಗಳು ಇದ್ದವು: ಗಾಢ ನಿದ್ದೆ, ಹಗುರ ನಿದ್ದೆ, ತೂಕಡಿಕೆ, ಶಾಂತ ಎಚ್ಚರ, ಚಡಪಡಿಕೆ, ಅಳು. ಮಗು ಸುತ್ತಮುತ್ತಲನ್ನು ಚೆನ್ನಾಗಿ ನೋಡಿ, ಕೇಳಿ ಒಳಗೆ ತೆಗೆದುಕೊಳ್ಳುವುದು ಶಾಂತ ಎಚ್ಚರದಲ್ಲೇ. ಕೈಕಾಲು ಆಡಿಸುವುದನ್ನು ನಿಲ್ಲಿಸಿರುವುದು ಅದಕ್ಕೇ, ಗಮನವೆಲ್ಲ ಕಣ್ಣು ಕಿವಿಗೆ ಹೋಗಿರುತ್ತದೆ.

ಹುಟ್ಟಿದ ಮೊದಲ ಒಂದೆರಡು ಗಂಟೆಯಲ್ಲಿ ಎಷ್ಟೋ ಮಕ್ಕಳು ಹೀಗೆ ಎಚ್ಚರ ಇರುತ್ತವೆ. ಆಮೇಲೆ ಕೆಲವು ವಾರ ದಿನಕ್ಕೆ 14ರಿಂದ 17 ಗಂಟೆ ನಿದ್ದೆ. ಎಚ್ಚರ ಇರುವ ಹೊತ್ತಿನಲ್ಲಿ ಹಾಲು, ಅಳು ಕಳೆದರೆ ಈ ಶಾಂತ ಹೊತ್ತು ಒಂದೊಂದು ಸಲಕ್ಕೆ ಕೆಲವೇ ನಿಮಿಷ ಉಳಿಯುತ್ತದೆ. ತಿಂಗಳು ಕಳೆದ ಹಾಗೆ ಉದ್ದ ಆಗುತ್ತದೆ. ಹೊಸ ತಾಯಂದಿರಿಗೆ ನಾನು ಹೇಳುವುದು ಒಂದೇ: ಆ ನಿಮಿಷಗಳಲ್ಲಿ ಗಿಲಕಿ ಆಡಿಸುವುದು ಬೇಡ, ಫೋಟೊ ತೆಗೆಯುವ ಆತುರವೂ ಬೇಡ. ನಿಮ್ಮ ಮುಖ ಮಗುವಿನ ಮುಖದಿಂದ 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಇರಲಿ. ಹಸುಗೂಸಿಗೆ ಚೆನ್ನಾಗಿ ಕಾಣುವುದು ಅಷ್ಟು ದೂರಕ್ಕೇ. ಎದೆಗೆ ಹಾಕಿಕೊಂಡು ಹಾಲು ಕುಡಿಸುವಾಗ ಮುಖ ಇರುವುದೂ ಹೆಚ್ಚು ಕಡಿಮೆ ಅಷ್ಟೇ ದೂರ.

ನೇರ ಮಾತು:

ಬೇಜಾರು ಮಾಡಿಕೊಳ್ಳಬೇಡಿ, ನನ್ನ ಅಭಿಪ್ರಾಯ ಬೇರೆ ಇದೆ. ಇದೆಲ್ಲ ಕೇಳಲು ಚೆನ್ನಾಗಿದೆ. ಆದರೆ ಯಾವಾಗಲೂ ಕೈಯಲ್ಲೇ ಇಟ್ಟುಕೊಂಡರೆ ಮಗುವಿಗೆ ಅದೇ ಅಭ್ಯಾಸ ಆಗುತ್ತದೆ. ನನ್ನ ಅಣ್ಣನ ಮಗು ಹಾಗೇ ಆಯಿತು, ಕೆಳಗೆ ಬಿಟ್ಟರೆ ಸಾಕು ಅಳು. ಅತ್ತಿಗೆಗೆ ಬೆನ್ನು ನೋವು, ಕೈ ನೋವು, ಊಟಕ್ಕೂ ಪುರುಸೊತ್ತಿಲ್ಲ. ಮಗು ಸುಮ್ನೆ ಮಲಗಿ ತನ್ನಷ್ಟಕ್ಕೆ ಆಡಿಕೊಳ್ಳುತ್ತಿದ್ದರೆ ಅದನ್ನು ಯಾಕೆ ಎತ್ತಬೇಕು? ಅದಕ್ಕೂ ಒಂಟಿಯಾಗಿ ಇರಲು ಬರಬೇಕಲ್ಲವೇ?

ಮಡಿಲು:

ನಾನು ‘ಯಾವಾಗಲೂ’ ಅಂತ ಹೇಳಲಿಲ್ಲ. ಎತ್ತಲೇಬೇಕು ಅಂತಲೂ ಇಲ್ಲ. ಚಾಪೆ ಮೇಲೆ ಮಲಗಿರುವ ಮಗುವಿನ ಪಕ್ಕದಲ್ಲಿ ನಾವೂ ಮಲಗಿಕೊಳ್ಳಬಹುದು. ನಾನು ಹೇಳುತ್ತಿರುವುದು ಜೊತೆಗಿರುವ ಬಗ್ಗೆ. ಅತ್ತಿಗೆಯವರಿಗೆ ಊಟಕ್ಕೆ ಪುರುಸೊತ್ತಿಲ್ಲ ಅಂದರೆ ಅದು ಮಗು ಎತ್ತಿಕೊಂಡಿದ್ದರಿಂದ ಬಂದ ತೊಂದರೆಯೋ ಅಥವಾ ಅರ್ಧ ಗಂಟೆ ಮಗುವನ್ನು ಹಿಡಿದುಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಮುಂದೆ ಬರದೇ ಇದ್ದುದರಿಂದಲೋ ಅಂತ ಒಂದು ಸಲ ಯೋಚನೆ ಮಾಡಿ ನೋಡಿ ಅಂತ ಕೇಳಿಕೊಳ್ಳುತ್ತೇನೆ.

ವಾರ್ಡ್ ಸಿಸ್ಟರ್:

ಅಭ್ಯಾಸ ಆಗುತ್ತದೆ ಅನ್ನುವ ಮಾತು ವಾರ್ಡಿನಲ್ಲಿ ದಿನಾ ಕೇಳುತ್ತೇನೆ. ಅದರ ಬಗ್ಗೆ ಗೊತ್ತಿರುವುದನ್ನು ಹೇಳಿಬಿಡುತ್ತೇನೆ. 1972ರಲ್ಲಿ ಸಿಲ್ವಿಯಾ ಬೆಲ್ ಮತ್ತು ಮೇರಿ ಐನ್ಸ್‌ವರ್ತ್ ಅನ್ನುವ ಮನಶ್ಶಾಸ್ತ್ರಜ್ಞರು ಮನೆಗಳಿಗೇ ಹೋಗಿ ಮಕ್ಕಳನ್ನು ಮೊದಲ ವರ್ಷ ಪೂರ್ತಿ ಗಮನಿಸಿದ್ದನ್ನು ಪ್ರಕಟಿಸಿದರು. ಮೊದಲ ತಿಂಗಳುಗಳಲ್ಲಿ ಅತ್ತಾಗ ಬೇಗ ಎತ್ತಿಕೊಂಡ ಮಕ್ಕಳು ವರ್ಷದ ಕೊನೆಗೆ ಕಡಿಮೆ ಅಳುತ್ತಿದ್ದವು. 1986ರಲ್ಲಿ ಹುನ್ಜಿಕರ್ ಮತ್ತು ಬಾರ್ ಅನ್ನುವವರು ಕೆಲವು ತಂದೆತಾಯಿಗೆ ದಿನಕ್ಕೆ ಕನಿಷ್ಠ 3 ಗಂಟೆ ಮಗುವನ್ನು ಎತ್ತಿಕೊಂಡಿರಿ, ಅತ್ತಾಗ ಮಾತ್ರ ಅಲ್ಲ, ಸುಮ್ನಿದ್ದಾಗಲೂ ಅಂತ ಹೇಳಿದರು. ಅಳು ಜೋರಾಗಿರುವ ಆರನೇ ವಾರದಲ್ಲಿ ಆ ಮಕ್ಕಳು ಉಳಿದ ಮಕ್ಕಳಿಗಿಂತ 43% ಕಡಿಮೆ ಅತ್ತವು. ಮೊದಲ ಮೂರ್ನಾಲ್ಕು ತಿಂಗಳ ಮಗುವಿಗೆ ಹಟ ಮಾಡಿ ಕೆಲಸ ಸಾಧಿಸುವ ಬುದ್ಧಿ ಇನ್ನೂ ಬಂದಿರುವುದಿಲ್ಲ. ಅದಕ್ಕೆ ಬೇಕು, ಅಳುತ್ತದೆ, ಅಷ್ಟೇ.

ಆದರೆ ನೇರ ಮಾತು ಅವರು ಹೇಳಿದ್ದರಲ್ಲಿ ಒಂದು ನಿಜ ಇದೆ. ಮಗು ತನ್ನಷ್ಟಕ್ಕೆ ಏನನ್ನೋ ನೋಡುತ್ತಾ ಮಲಗಿದ್ದರೆ ನಡುವೆ ಹೋಗಿ ಕೆಡಿಸಬಾರದು. ತುಂಬ ಹೊತ್ತು ನಮ್ಮ ಮುಖ ನೋಡಿದ ಮೇಲೆ ಮಗು ಮುಖ ಪಕ್ಕಕ್ಕೆ ತಿರುಗಿಸುತ್ತದೆ, ಆಕಳಿಸುತ್ತದೆ, ಸೀನುತ್ತದೆ, ಬೆರಳು ಅಗಲ ಚಾಚುತ್ತದೆ. ಸಾಕಾಯಿತು ಅಂತ ಅದರ ಲೆಕ್ಕ. ಆಗ ಮತ್ತೆ ಮತ್ತೆ ಅದರ ಕಣ್ಣೆದುರು ಹೋಗಿ ‘ಇಲ್ನೋಡು ಇಲ್ನೋಡು’ ಅನ್ನಬೇಡಿ. ಸುಮ್ನೆ ಕೂತಿರಿ. ಸ್ವಲ್ಪ ಹೊತ್ತು ಬಿಟ್ಟು ಅದೇ ತಿರುಗಿ ನೋಡುತ್ತದೆ. ಗದ್ದಲ ಮಾಡದೆ ಕೂರುವವರ ಜೊತೆ ಮಕ್ಕಳು ಜಾಸ್ತಿ ಹೊತ್ತು ಸಮಾಧಾನವಾಗಿರುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ರಾತ್ರಿ ಪಾಳಿ ಅಪ್ಪ:

ಅಪ್ಪಂದಿರ ಕಡೆಯಿಂದ ನಾನೊಬ್ಬ ಬರೆಯುತ್ತೇನೆ. ನನ್ನ ಮಗ ತಿಂಗಳು ತುಂಬುವ ಮೊದಲೇ ಹುಟ್ಟಿದ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮೂಗಿಗೆ ನಳಿಕೆ, ಪಾದಕ್ಕೆ ಕೆಂಪು ಬೆಳಕಿನ ಪಟ್ಟಿ, ಎದೆ ಮೇಲೆ ಮೂರು ವೈರು. ಹೆಂಡತಿಗೆ ಇನ್ನೂ ಏಳಲು ಆಗುತ್ತಿರಲಿಲ್ಲ. ಸಿಸ್ಟರ್ ಬಂದು ‘ಶರ್ಟ್ ಬಿಚ್ಚಿ ಕೂತುಕೊಳ್ಳಿ’ ಅಂದರು. ಎದೆಯ ಮೇಲೆ ಮಗುವನ್ನು ಕಪ್ಪೆಯ ಹಾಗೆ ಕೈಕಾಲು ಮಡಚಿ ಒರಗಿಸಿ, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಮೇಲೆ ಬಟ್ಟೆ ಸುತ್ತಿದರು. ನನ್ನ ಒಂದು ಅಂಗೈ ಸಾಕಿತ್ತು ಅವನ ಇಡೀ ಬೆನ್ನಿಗೆ. ಮೊದಲು ನಾನು ಮರಗಟ್ಟಿ ಕೂತಿದ್ದೆ, ಎಲ್ಲಿ ವೈರು ಕಿತ್ತು ಬರುತ್ತದೋ ಅಂತ. ಸ್ವಲ್ಪ ಹೊತ್ತಿಗೆ ಮಾನಿಟರಿನಲ್ಲಿ ಏರಿಳಿಯುತ್ತಿದ್ದ ಹೃದಯ ಬಡಿತ ಒಂದು ಮಟ್ಟಕ್ಕೆ ಬಂದು ನಿಂತಿತು. ಮಾನಿಟರ್ ಅವನದ್ದು ತೋರಿಸುತ್ತಿತ್ತು, ಆದರೆ ನನ್ನದೂ ಹಾಗೇ ಆಗಿತ್ತು ಅಂತ ನನಗೆ ಖಾತ್ರಿ ಇದೆ.

ಇದಕ್ಕೆ ಕಾಂಗರೂ ಆರೈಕೆ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಶುರುವಾಗಿದ್ದು 1978ರಲ್ಲಿ, ಕೊಲಂಬಿಯಾದ ಬೊಗೊಟಾದ ಒಂದು ಹೆರಿಗೆ ಆಸ್ಪತ್ರೆಯಲ್ಲಿ. ಇನ್‌ಕ್ಯುಬೇಟರ್ (ಮಗುವನ್ನು ಬೆಚ್ಚಗಿಡುವ ಆ ಗಾಜಿನ ಪೆಟ್ಟಿಗೆ) ಸಾಲುತ್ತಿರಲಿಲ್ಲ, ಒಂದರಲ್ಲೇ ಇಬ್ಬರು ಮೂವರು ಮಕ್ಕಳನ್ನು ಇಡಬೇಕಾಗಿತ್ತು, ಸೋಂಕಿನಿಂದ ಮಕ್ಕಳು ಸಾಯುತ್ತಿದ್ದವು. ಎಡ್ಗರ್ ರೇ ಸನಾಬ್ರಿಯಾ ಅನ್ನುವ ವೈದ್ಯರು ತಾಯಿಯ ಎದೆಯನ್ನೇ ಇನ್‌ಕ್ಯುಬೇಟರ್ ಮಾಡಿದರು. ಏನೂ ಇಲ್ಲದಾಗ ಮಾಡಿದ ಉಪಾಯ ಅಂತ ಜನ ತಿಳಿದಿದ್ದರು. ಆದರೆ 2021ರಲ್ಲಿ ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ ಬಂತು. 1 ಕಿಲೋದಿಂದ 1.8 ಕಿಲೋ ಒಳಗಿನ ತೂಕದ ಮಕ್ಕಳನ್ನು ಹುಟ್ಟಿದ ಕೂಡಲೇ ಎದೆಗೆ ಹಾಕಿದಾಗ, ಮೊದಲ 28 ದಿನದಲ್ಲಿ ತೀರಿಕೊಂಡವರು 12%. ಮೊದಲಿನ ಪದ್ಧತಿಯಂತೆ ಮೈಗೆ ಸ್ಥಿರತೆ ಬರುವ ತನಕ ಕಾದಾಗ 15.7%. ಅದಾದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತನ್ನ ಸೂಚನೆಯನ್ನೇ ಬದಲಿಸಿತು. ಈಗ ದಿನಕ್ಕೆ 8ರಿಂದ 24 ಗಂಟೆ, ಆದಷ್ಟು ಜಾಸ್ತಿ ಹೊತ್ತು, ಹುಟ್ಟಿದ ಕೂಡಲೇ ಶುರು ಮಾಡಿ ಅನ್ನುತ್ತದೆ.

ಸುಮ್ನೆ ಎದೆ ಮೇಲೆ ಹಾಕಿಕೊಂಡು ಕೂರುವುದು ಅಂದರೆ ಏನೂ ಮಾಡದೆ ಕೂರುವುದು ಅಂತ ಯಾರಾದರೂ ಅಂದರೆ ನನಗೆ ತಡೆಯಲು ಆಗುವುದಿಲ್ಲ. ನನ್ನ ಮಗ ಈಗ ಓಡಾಡುತ್ತಾನೆ, ಎದೆ ಮೇಲೆ ಐದು ನಿಮಿಷ ನಿಲ್ಲುವುದಿಲ್ಲ. ಆ ದಿನಗಳಲ್ಲಿ ನನ್ನ ಪಾಳಿ ರಾತ್ರಿಯದ್ದಾಗಿತ್ತು, ಹಗಲೆಲ್ಲ ವಾರ್ಡಿನಲ್ಲಿ ಇರುತ್ತಿದ್ದೆ. ನಿದ್ದೆ ಇಲ್ಲದೆ ಮೈ ಸೋತು ಹೋಗಿದ್ದರೂ ಮನಸ್ಸು ಗಟ್ಟಿಯಾಗಿ ಇದ್ದಿದ್ದು ಅವನು ಎದೆ ಮೇಲೆ ಇದ್ದಾಗ ಮಾತ್ರ.

ಅಜ್ಜಿ ಆದೆ:

ಓದಿ ಕಣ್ಣು ತುಂಬಿ ಬಂತು ಮಗಾ. ದೇವರು ಒಳ್ಳೇದು ಮಾಡಲಿ.

ನನ್ನ ಮಾತು ಚಿಕ್ಕದು. ನಾವು ಮಕ್ಕಳನ್ನು ಹೆತ್ತಾಗ ನಮ್ಮ ವಯಸ್ಸೂ ಚಿಕ್ಕದು, ಮನೆಗೆಲಸದ ಹೆದರಿಕೆ, ಹಿರಿಯರ ಹೆದರಿಕೆ. ಮಗುವನ್ನು ನೋಡುತ್ತಾ ಕೂರಲು ಬಿಡುವವರು ಯಾರು? ಈಗ ಮೊಮ್ಮಗಳನ್ನು ತೊಡೆ ಮೇಲೆ ಹಾಕಿಕೊಂಡು ಕೂತರೆ ಯಾರೂ ಕರೆಯುವುದಿಲ್ಲ. ಅವಳು ನಿದ್ದೆಯಲ್ಲಿ ನಗುತ್ತಾಳೆ, ಹುಬ್ಬು ಗಂಟು ಹಾಕುತ್ತಾಳೆ, ತುಟಿ ಕೆಳಗೆ ಮಾಡಿ ಅಳುವ ಹಾಗೆ ಮಾಡಿ ಮತ್ತೆ ಸರಿ ಹೋಗುತ್ತಾಳೆ. ಎಲ್ಲವೂ ಒಂದೇ ನಿಮಿಷದಲ್ಲಿ. ನನಗೆ ಬಿ.ಪಿ. ಇದೆ, ಮಂಡಿ ನೋವು ಇದೆ, ಅವಳು ಮಡಿಲಲ್ಲಿ ಇದ್ದಾಗ ಒಂದೂ ನೆನಪಾಗುವುದಿಲ್ಲ.

ಸಿಸ್ಟರ್, ಒಂದು ಕೇಳಬೇಕಿತ್ತು. ನಾನು ಯಾವಾಗಲೂ ಎಡಗಡೆಗೇ ಎತ್ತಿಕೊಳ್ಳುತ್ತೇನೆ. ನನ್ನ ಮಗಳೂ ಹಾಗೇ. ಅವಳು ಎಡಚಿ, ನಾನು ಅಲ್ಲ. ಇದಕ್ಕೆ ಏನಾದರೂ ಕಾರಣ ಇದೆಯಾ?

ವಾರ್ಡ್ ಸಿಸ್ಟರ್:

ಇದೆ ಅಮ್ಮಾ, ನೀವು ಗಮನಿಸಿದ್ದು ಸರಿಯಾಗಿಯೇ ಇದೆ. ಲೀ ಸಾಲ್ಕ್ ಅನ್ನುವ ಮನಶ್ಶಾಸ್ತ್ರಜ್ಞರು (ಪೋಲಿಯೋ ಲಸಿಕೆ ಕಂಡುಹಿಡಿದ ಜೋನಸ್ ಸಾಲ್ಕ್ ಅವರ ತಮ್ಮ) 1960ರಲ್ಲಿ ಇದನ್ನೇ ಬರೆದರು. ಅವರು ನೋಡಿದ ತಾಯಂದಿರಲ್ಲಿ ಬಲಗೈಯವರು 83% ಜನ, ಎಡಗೈಯವರೂ 78% ಜನ ಮಗುವನ್ನು ಎಡಗಡೆಗೇ ಹಿಡಿಯುತ್ತಿದ್ದರು. ತಾಯಿಯ ಹೃದಯ ಬಡಿತ ಕೇಳಿ ಮಗು ಸಮಾಧಾನ ಆಗುತ್ತದೆ ಅನ್ನುವುದು ಅವರ ವಾದ. ಬೇರೆಯವರು ಇದನ್ನು ಒಪ್ಪಲಿಲ್ಲ. ಎಡಗಡೆ ಕಾಣುವುದನ್ನು ಮಿದುಳಿನ ಬಲಭಾಗ ಮೊದಲು ತೆಗೆದುಕೊಳ್ಳುತ್ತದೆ, ಮುಖದ ಭಾವ ಗುರುತಿಸುವುದರಲ್ಲಿ ಆ ಭಾಗ ಚುರುಕು, ಅದಕ್ಕೇ ಮಗುವಿನ ಮುಖವನ್ನು ಆ ಕಡೆ ಇಟ್ಟುಕೊಳ್ಳುತ್ತೇವೆ ಅಂತ ಅವರ ಲೆಕ್ಕ. ಯಾವುದೇ ಇರಲಿ, ಯಾರೂ ಹೇಳಿಕೊಡದೆ ಬಂದದ್ದು ನಿಜ.

ಕೇಳಬೇಕೋ ಬೇಡವೋ:

ಎಲ್ಲರದ್ದೂ ಓದಿದೆ. ಬರೆಯಬೇಕೋ ಬೇಡವೋ ಅಂತ ಯೋಚನೆ ಮಾಡಿ ಬರೆಯುತ್ತಿದ್ದೇನೆ. ನನಗೆ ಇದ್ಯಾವುದೂ ಆಗುವುದಿಲ್ಲ. ಮಗು ಹುಟ್ಟಿ ಒಂದು ತಿಂಗಳ ಮೇಲಾಯಿತು. ಎತ್ತಿಕೊಳ್ಳುತ್ತೇನೆ, ಹಾಲು ಕೊಡುತ್ತೇನೆ, ಎಲ್ಲ ಮಾಡುತ್ತೇನೆ. ಆದರೆ ಅವನು ಸುಮ್ನಿದ್ದಾಗ ನನಗೆ ನೆಮ್ಮದಿ ಬರುವುದಿಲ್ಲ, ಮುಂದಿನ ಅಳು ಯಾವಾಗ ಅಂತ ಕಾಯುತ್ತಾ ಇರುತ್ತೇನೆ. ಅವನು ನನ್ನನ್ನೇ ನೋಡಿದರೆ ಏನು ಮಾಡಬೇಕು ಅಂತಲೇ ತೋಚುವುದಿಲ್ಲ. ಯಾರದ್ದೋ ಮಗುವನ್ನು ನೋಡಿಕೊಳ್ಳುತ್ತಿದ್ದೇನೆ ಅನ್ನಿಸುತ್ತದೆ. ಬೇರೆ ತಾಯಂದಿರಿಗೆಲ್ಲ ತಾನಾಗಿ ಬರುವುದು ನನಗೆ ಯಾಕೆ ಬರಲಿಲ್ಲ?

ಇಬ್ಬರ ಅಮ್ಮ:

ನೀವು ಬರೆದದ್ದು ಒಳ್ಳೆಯದಾಯಿತು. ಒಂದು ಮಾತು ಮೊದಲು ಕೇಳಿ: ನೀವು ಕೆಟ್ಟ ತಾಯಿ ಅಲ್ಲ. ಎತ್ತಿಕೊಳ್ಳುತ್ತೀರಿ, ಹಾಲು ಕೊಡುತ್ತೀರಿ, ಎಲ್ಲ ಮಾಡುತ್ತೀರಿ ಅಂತ ನೀವೇ ಹೇಳಿದಿರಿ. ಮಗುವಿಗೆ ಸಿಗಬೇಕಾದದ್ದು ಸಿಗುತ್ತಿದೆ. ನಿಮಗೆ ಸಿಗಬೇಕಾದದ್ದು ಸಿಗುತ್ತಿಲ್ಲ. ರಾತ್ರಿ ಒಂದು ಪಾಳಿ ಯಾರಾದರೂ ನೋಡಿಕೊಳ್ಳುತ್ತಾರಾ? ನಿಮಗೆ ಸತತವಾಗಿ ನಾಲ್ಕು ಗಂಟೆ ನಿದ್ದೆ ಸಿಗುತ್ತದಾ? ಮೈ ದಣಿದು ಬೆಂಡಾದಾಗ ಯಾವ ನೆಮ್ಮದಿಯೂ ಒಳಗೆ ಇಳಿಯುವುದಿಲ್ಲ.

ವಾರ್ಡ್ ಸಿಸ್ಟರ್:

ತಂಗಿ, ನಿಮ್ಮ ಹಾಗೆ ಎಷ್ಟೋ ಜನ ಇರುತ್ತಾರೆ, ಹೇಳಿಕೊಳ್ಳುವವರು ಕಡಿಮೆ. ರಾಬ್ಸನ್ ಮತ್ತು ಕುಮಾರ್ ಅನ್ನುವ ಸಂಶೋಧಕರು 1980ರಲ್ಲಿ ಚೊಚ್ಚಲ ತಾಯಂದಿರನ್ನು ಕೇಳಿದಾಗ ಸುಮಾರು 40% ಜನ, ಮಗುವನ್ನು ಮೊದಲು ಕೈಗೆ ಕೊಟ್ಟಾಗ ವಿಶೇಷ ಏನೂ ಅನ್ನಿಸಲಿಲ್ಲ ಅಂತ ಹೇಳಿದ್ದರು. ಆಮೇಲೆ ಹೆಚ್ಚಿನವರಿಗೆ ಪ್ರೀತಿ ಬಂತು. ಕೆಲವರಿಗೆ ತಡ ಆಯಿತು.

ಆದರೆ ತಿಂಗಳ ಮೇಲಾಗಿದೆ ಅಂದಿರಲ್ಲ, ಅದಕ್ಕೆ ಇನ್ನೊಂದು ಹೇಳಲೇಬೇಕು. ಹೆರಿಗೆ ಆದ ಮೊದಲ ಎರಡು ವಾರ ಕಾರಣ ಇಲ್ಲದೆ ಅಳು ಬರುವುದು, ಮನಸ್ಸು ಭಾರ ಆಗುವುದು ಸಾಮಾನ್ಯ, ತಾನಾಗಿ ಕಡಿಮೆ ಆಗುತ್ತದೆ. ಎರಡು ವಾರ ದಾಟಿಯೂ ಹೀಗೇ ಇದ್ದರೆ, ಯಾವುದರಲ್ಲೂ ಖುಷಿ ಇಲ್ಲ, ಮಗು ಮಲಗಿದಾಗಲೂ ನಿಮಗೆ ನಿದ್ದೆ ಬರುವುದಿಲ್ಲ ಅಂದರೆ ಅದು ಹೆರಿಗೆ ನಂತರದ ಖಿನ್ನತೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೆರಿಗೆ ಆದವರಲ್ಲಿ ಸುಮಾರು 13% ಜನಕ್ಕೆ ಮಾನಸಿಕ ತೊಂದರೆ ಆಗುತ್ತದೆ, ಅದರಲ್ಲಿ ಮುಖ್ಯವಾದದ್ದು ಖಿನ್ನತೆ. ಚಿಕಿತ್ಸೆ ಇದೆ, ಗುಣ ಆಗುತ್ತದೆ. ಮಗುವನ್ನು ತೋರಿಸಲು ಹೋದಾಗ ಅದೇ ಡಾಕ್ಟರ ಹತ್ತಿರ ಇಲ್ಲಿ ಬರೆದದ್ದನ್ನೇ ಹೇಳಿ. ನಿಮಗೆ ಅಥವಾ ಮಗುವಿಗೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ, ಮನೆಯವರನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಿ.

ಅವನು ನೋಡಿದಾಗ ಏನು ಮಾಡಬೇಕು ಅಂತ ಕೇಳಿದಿರಿ. ಏನೂ ಮಾಡಬೇಕಾಗಿಲ್ಲ. ಎಡ್ವರ್ಡ್ ಟ್ರಾನಿಕ್ ಅನ್ನುವ ಮನಶ್ಶಾಸ್ತ್ರಜ್ಞರು ತಾಯಿ ಮಗುವಿನ ಮುಖಾಮುಖಿಯನ್ನು ವಿಡಿಯೋ ಮಾಡಿ ನೋಡಿದಾಗ, ಚೆನ್ನಾಗಿ ಹೊಂದಿಕೊಂಡ ಜೋಡಿಗಳಲ್ಲೂ ಇಬ್ಬರ ಭಾವ ಕೂಡಿಬರುವುದು ಸುಮಾರು ಮೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಸರಿ ಮಾಡಿಕೊಳ್ಳುವುದು. ಎಲ್ಲರೂ ಹಾಗೇ. ಅವನ ಪಾದ ನಿಮ್ಮ ಅಂಗೈಯಲ್ಲಿ ಇಟ್ಟುಕೊಂಡು ಎರಡು ನಿಮಿಷ ಕೂತರೂ ಸಾಕು. ಕಣ್ಣಿಗೆ ಕಣ್ಣು ಕೊಡಲೇಬೇಕು ಅಂತೇನಿಲ್ಲ. ಏನಾದರೂ ಅನ್ನಿಸಬೇಕು ಅಂತ ಕಾಯಬೇಡಿ.

ಕೇಳಬೇಕೋ ಬೇಡವೋ:

ಥ್ಯಾಂಕ್ಸ್ ಸಿಸ್ಟರ್. ಗಂಡನಿಗೆ ಇದನ್ನು ಓದಿಸಿದೆ. ಈ ವಾರ ಡಾಕ್ಟರ ಹತ್ತಿರ ಹೋಗುತ್ತೇವೆ. ರಾತ್ರಿ ಮೊದಲ ಪಾಳಿ ತಾನು ನೋಡಿಕೊಳ್ಳುತ್ತೇನೆ ಅಂದರು.

ಮಡಿಲು:

ನಿಮ್ಮನ್ನು ನೆನೆಸಿಕೊಳ್ಳುತ್ತಾ ಇರುತ್ತೇನೆ. ನಾನು ನೆಮ್ಮದಿ ಅಂತ ಬರೆದದ್ದು ಎಲ್ಲರಿಗೂ ಹಾಗೇ ಆಗಬೇಕು ಅನ್ನುವ ಅರ್ಥದಲ್ಲಿ ಅಲ್ಲ. ಮೊದಲ ವಾರಗಳಲ್ಲಿ ನನಗೂ ನೋವು, ಹೊಲಿಗೆ, ಭಯ ಇವೇ ಇದ್ದವು. ಅವಳು ನನ್ನನ್ನು ನೋಡಿ ನಗಲು ಶುರು ಮಾಡಿದ್ದು ಎರಡನೇ ತಿಂಗಳಲ್ಲಿ. ಅಲ್ಲಿಂದ ಈಚೆಗೆ ಇದು ಬೆಳೆದದ್ದು.

ಚಿಕ್ಕಮ್ಮ:

ನನಗೆ ಮಕ್ಕಳಿಲ್ಲ, ಆಗುವುದೂ ಇಲ್ಲ. ತಂಗಿಯ ಮಗುವನ್ನು ವಾರಕ್ಕೊಮ್ಮೆ ನೋಡಿಕೊಳ್ಳುತ್ತೇನೆ. ಅವಳು ಸ್ನಾನ ಮಾಡಿ ಸ್ವಲ್ಪ ಮಲಗಿ ಬರುವ ತನಕ ಮಗು ನನ್ನ ಹೆಗಲ ಮೇಲೆ ಇರುತ್ತದೆ. ಅದರ ಕುತ್ತಿಗೆಯ ಹಿಂದೆ ಒಂದು ವಾಸನೆ ಇರುತ್ತದಲ್ಲ, ಹಾಲಿನದ್ದೂ ಅಲ್ಲ, ಸೋಪಿನದ್ದೂ ಅಲ್ಲ. ಅದು ಮನೆಗೆ ಬಂದ ಮೇಲೂ ನನ್ನ ಬಟ್ಟೆಯಲ್ಲಿ ಇರುತ್ತದೆ, ಆ ಬಟ್ಟೆ ಒಗೆಯಲು ಮನಸ್ಸೇ ಬರುವುದಿಲ್ಲ. 2013ರಲ್ಲಿ 30 ಹೆಂಗಸರಿಗೆ ಎರಡು ದಿನದ ಕೂಸುಗಳ ಬಟ್ಟೆಯ ವಾಸನೆ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರಂತೆ. ಅರ್ಧ ಜನ ಆಗಷ್ಟೇ ಹೆತ್ತವರು, ಅರ್ಧ ಜನ ಹೆರದೇ ಇದ್ದವರು. ಖುಷಿಗೆ ಸಂಬಂಧಪಟ್ಟ ಭಾಗ ಎಲ್ಲರಲ್ಲೂ ಎಚ್ಚೆತ್ತಿತು, ಹೆತ್ತವರಲ್ಲಿ ಜಾಸ್ತಿ. ಹೆರದವರಲ್ಲೂ ಆಗಿತ್ತು ಅನ್ನುವುದು ನನಗೆ ತುಂಬ ಮುಖ್ಯ ಅನ್ನಿಸಿತು. ಮಗುವಿನ ಜೊತೆಗಿರುವ ನೆಮ್ಮದಿ ಹೆತ್ತವರ ಪಾಲಿಗೆ ಮಾತ್ರ ಬರೆದಿಟ್ಟದ್ದಲ್ಲ. ನಿಮ್ಮ ಮನೆಯಲ್ಲಿ ನನ್ನಂಥವರು ಯಾರಾದರೂ ಇದ್ದರೆ, ಕೇಳಲು ಸಂಕೋಚ ಪಡುತ್ತಾ ನಿಂತಿದ್ದರೆ, ಮಗುವನ್ನು ಅವರ ಕೈಗೆ ಕೊಡಿ.

ರಾತ್ರಿ ಪಾಳಿ ಅಪ್ಪ:

ಅಕ್ಕ, ನೀವು ಹೇಳಿದ್ದು ಮನಸ್ಸಿಗೆ ನಾಟಿತು. ನನ್ನ ಅಕ್ಕನೂ ಹಾಗೇ ಇದ್ದಾಳೆ. ಮುಂದಿನ ಸಲ ಬಂದಾಗ ನಾನಾಗಿಯೇ ಕೊಡುತ್ತೇನೆ.

ನೇರ ಮಾತು:

ಸಿಸ್ಟರ್ ಹೇಳಿದ್ದು ಅತ್ತಿಗೆಗೆ ಕಳಿಸಿದೆ. ಈಗ ಸಂಜೆ ಒಂದು ಗಂಟೆ ಮಗುವನ್ನು ನಾನು ಎತ್ತಿಕೊಳ್ಳುತ್ತೇನೆ ಅಂತ ಹೇಳಿದ್ದೇನೆ. ಎರಡು ಪ್ರಶ್ನೆ ಇದೆ. ಒಂದು, ಎತ್ತಿಕೊಂಡು ಕೂತಾಗ ಫೋನ್ ನೋಡಬಹುದಾ? ಎರಡು, ತೋಳಲ್ಲಿ ಮಲಗಿದ ಮಗುವನ್ನು ಕೆಳಗೆ ಹಾಕಿದ ಕೂಡಲೇ ಏಳುತ್ತದೆ, ಏನು ಮಾಡಬೇಕು?

ವಾರ್ಡ್ ಸಿಸ್ಟರ್:

ತುಂಬ ಸಂತೋಷ ಆಯಿತು ಕೇಳಿ. ಫೋನ್ ವಿಷಯ: ಮಗು ನಿದ್ದೆ ಮಾಡುತ್ತಿದ್ದರೆ ನೋಡಿಕೊಳ್ಳಿ, ಪರವಾಗಿಲ್ಲ. ಎಚ್ಚರವಾಗಿ ನಿಮ್ಮನ್ನು ನೋಡುತ್ತಿದ್ದರೆ ಬೇಡ. ಆಗಲೇ ಹೇಳಿದ ಟ್ರಾನಿಕ್ ಅವರೇ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದ್ದರು. ತಾಯಿ ಮಗುವಿನ ಎದುರು ಕೂತು ಆಡಿಸುತ್ತಿದ್ದವಳು ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ನಾಗಬೇಕು. ಮಗು ಮೊದಲು ನಗುತ್ತದೆ, ಕೂಗುತ್ತದೆ, ಕೈ ಚಾಚುತ್ತದೆ, ಆಮೇಲೆ ಮುಖ ತಿರುಗಿಸಿ ಸೊರಗುತ್ತದೆ. ಫೋನ್ ನೋಡುವಾಗ ನಮ್ಮ ಮುಖ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಒಮ್ಮೊಮ್ಮೆ ನೋಡಿದರೆ ಮಗು ಹಾಳಾಗುವುದಿಲ್ಲ, ಹೆದರಬೇಡಿ. ಆದರೆ ಈ ನೆಮ್ಮದಿ ಬೇಕು ಅಂದರೆ ಫೋನ್ ಕೈಯಲ್ಲಿ ಇಟ್ಟುಕೊಂಡು ಸಿಗುವುದಿಲ್ಲ. ಒಂದೋ ಅದು, ಇಲ್ಲ ಇದು.

ಮಲಗಿಸುವುದು: ಜಪಾನಿನ ರಿಕೆನ್ ಸಂಸ್ಥೆಯವರು 2022ರಲ್ಲಿ 21 ಮಕ್ಕಳ ಮೇಲೆ ನೋಡಿದ್ದಾರೆ. ಅಳುವ ಮಗುವನ್ನು ಎತ್ತಿಕೊಂಡು ಒಂದೇ ಸಮ 5 ನಿಮಿಷ ನಡೆದಾಗ ಎಲ್ಲವೂ ಅಳು ನಿಲ್ಲಿಸಿದವು, ಹೆಚ್ಚು ಕಡಿಮೆ ಅರ್ಧದಷ್ಟು ನಿದ್ದೆ ಹೋದವು. ಮಗು ಏಳುವುದು ಹಾಸಿಗೆ ತಾಗಿದ್ದಕ್ಕಲ್ಲ, ನಮ್ಮ ಮೈಯಿಂದ ಬಿಟ್ಟುಹೋಗುವಾಗ. ಅದಕ್ಕೇ ನಿದ್ದೆ ಬಂದ ಮೇಲೆ 5ರಿಂದ 8 ನಿಮಿಷ ಎತ್ತಿಕೊಂಡೇ ಕೂತು ಆಮೇಲೆ ಮಲಗಿಸಿದರೆ ಏಳುವುದು ಕಡಿಮೆ. ಆ ಎಂಟು ನಿಮಿಷ ಕಾಯುವ ಹೊತ್ತು ಅಂತ ಅಂದುಕೊಳ್ಳಬೇಡಿ. ಮಡಿಲು ಅವರು ಹೇಳುತ್ತಿರುವ ಹೊತ್ತು ಅದೂ ಹೌದು.

ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ. ಹೀಗೆ ನೆಮ್ಮದಿಯಾಗಿ ಕೂತಾಗ ನಮಗೂ ನಿದ್ದೆ ಬರುತ್ತದೆ. ಸೋಫಾ, ಮೆತ್ತನೆ ಕುರ್ಚಿಯಲ್ಲಿ ಮಗುವನ್ನು ಎದೆ ಮೇಲೆ ಹಾಕಿಕೊಂಡು ನಿದ್ದೆ ಹೋಗುವುದು ತುಂಬ ಅಪಾಯ. ಮಗು ಜಾರಿ ಸಂದಿಯಲ್ಲಿ ಸಿಕ್ಕಿ ಉಸಿರು ಕಟ್ಟಬಹುದು. ರೆಪ್ಪೆ ಭಾರ ಆಗುತ್ತಿದೆ ಅನ್ನಿಸಿದ ಕೂಡಲೇ ಮಗುವನ್ನು ಬೇರೆಯವರಿಗೆ ಕೊಡಿ, ಇಲ್ಲದಿದ್ದರೆ ಅದರ ಜಾಗದಲ್ಲಿ ಮಲಗಿಸಿ. ಸಮತಟ್ಟಾದ ಗಟ್ಟಿ ಹಾಸಿಗೆ, ಅಂಗಾತ, ಸುತ್ತ ದಿಂಬು ಹೊದಿಕೆ ಇರಬಾರದು.

ಮಡಿಲು:

ಸಿಸ್ಟರ್, ಉಸಿರಿನ ಬಗ್ಗೆ ಒಂದು ಹೇಳಿಬಿಡಿ. ಇವಳು ಬೇಗ ಬೇಗ ಉಸಿರಾಡಿ ಸ್ವಲ್ಪ ಹೊತ್ತು ನಿಲ್ಲಿಸಿದ ಹಾಗೆ ಮಾಡುತ್ತಾಳೆ. ನೋಡುತ್ತಾ ಕೂತಾಗ ಇದೊಂದು ಭಯ ನೆಮ್ಮದಿಯ ನಡುವೆ ಬಂದು ಹೋಗುತ್ತದೆ.

ವಾರ್ಡ್ ಸಿಸ್ಟರ್:

ಹಸುಗೂಸು ನಿಮಿಷಕ್ಕೆ 30ರಿಂದ 60 ಸಲ ಉಸಿರಾಡುತ್ತದೆ, ನಮ್ಮ ಎರಡು ಮೂರು ಪಟ್ಟು. ಬೇಗ ಬೇಗ ಉಸಿರಾಡಿ, 5ರಿಂದ 10 ಸೆಕೆಂಡ್ ನಿಂತು, ಮತ್ತೆ ಶುರು ಮಾಡುವುದು ಮೊದಲ ತಿಂಗಳುಗಳಲ್ಲಿ, ಅದರಲ್ಲೂ ನಿದ್ದೆಯಲ್ಲಿ, ಸಾಮಾನ್ಯ. ಬಣ್ಣ ಚೆನ್ನಾಗಿದ್ದು, ಹಾಲು ಕುಡಿಯುತ್ತಿದ್ದರೆ ನಿಶ್ಚಿಂತೆಯಿಂದ ನೋಡಿ. 20 ಸೆಕೆಂಡಿಗಿಂತ ಜಾಸ್ತಿ ನಿಂತರೆ, ತುಟಿ ಅಥವಾ ನಾಲಿಗೆ ನೀಲಿ ಆದರೆ, ಪಕ್ಕೆಲುಬಿನ ಕೆಳಗೆ ಗುಳಿ ಬೀಳುವ ಹಾಗೆ ಉಸಿರೆಳೆದರೆ, ಪ್ರತಿ ಉಸಿರಿಗೂ ನರಳಿದರೆ ಅಥವಾ ಮೈ ಜೋಲು ಬಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಎಣಿಸುವುದಾದರೆ ಮಲಗಿದಾಗ ಹೊಟ್ಟೆ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ನಡುವೆ ನಿಲ್ಲುವುದರಿಂದ ಲೆಕ್ಕ ತಪ್ಪುತ್ತದೆ.